ತೆಳು ತಗಡಿನ ಸಂದಿಗೆ ಮಿಗ್ ಬೆಸುಗೆ: ಕಾರಿನ ಹೊರಮೈಯ ಒಂದು ತೇಪೆಯ ಪ್ರಕರಣ ಅಧ್ಯಯನ

ಕಾರಿನ ಹಿಂಚಕ್ರದ ಕಮಾನಿನ ಹಿಂದೆ, ಹೊರಮೈ ತಗಡು ತಳದ ಕಡೆಗೆ ಮಡಿಚಿಕೊಳ್ಳುವ ಜಾಗ ತುಕ್ಕಿಗೆ ಬಲುಬೇಗ ತುತ್ತಾಗುತ್ತದೆ. ಚಕ್ರ ಎರಚಿದ ಕೆಸರು ಒಳಗೆ ಸೇರಿ ಅಲ್ಲೇ ನಿಲ್ಲುತ್ತದೆ, ನೀರು ಇಳಿದುಹೋಗಲು ಬಿಟ್ಟ ರಂಧ್ರ ಕಟ್ಟಿಕೊಳ್ಳುತ್ತದೆ, ತಗಡು ಒಳಗಿನಿಂದಲೇ ಸವೆಯುತ್ತ ಬರುತ್ತದೆ; ಹೊರಗಿನ ಬಣ್ಣದಲ್ಲಿ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಹಾನಿ ಬಹಳ ಮುಂದುವರಿದಿರುತ್ತದೆ. ಇಲ್ಲಿ ವಿವರಿಸುವ ಪ್ರಕರಣ ಅಂಥ ಜಾಗದ್ದು. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದು, 300 ಮಿ.ಮೀ. ಉದ್ದ, 140 ಮಿ.ಮೀ. ಎತ್ತರದ ಹೊಸ ತೇಪೆಯನ್ನು ಕೂರಿಸಿ, ಅದರ ಮೇಲಂಚನ್ನು ಮಿಗ್ ಯಂತ್ರದಿಂದ (ತಾನಾಗಿ ಬರುವ ವೈರನ್ನು ವಿದ್ಯುತ್ ಕಿಡಿಯಿಂದ, ಅಂದರೆ ಆರ್ಕ್‌ನಿಂದ, ಕರಗಿಸಿ ಗ್ಯಾಸಿನ ರಕ್ಷಣೆಯಲ್ಲಿ ಬೆಸೆಯುವ ಯಂತ್ರ) ಬೆಸೆಯಲು ಹೊರಟಾಗ ತಗಡು ಸೇರುವ ಬದಲು ತೂತು ಬಿತ್ತು. ತೂತುಗಳನ್ನು ತುಂಬಲು ಹೋದಷ್ಟೂ ಅವು ದೊಡ್ಡವಾದವು. ಕೆಲಸ ಅರ್ಧಕ್ಕೆ ನಿಂತ ಸ್ಥಿತಿಯಲ್ಲಿ ಕಾರು ನನ್ನ ಬಳಿಗೆ ಬಂತು. ಉಳಿದ ತೂತುಗಳನ್ನು ತುಂಬಿಕೊಟ್ಟರೆ ಸಾಕು ಎಂಬುದು ಕೋರಿಕೆ. ಆದರೆ ಅವು ಏಕೆ ಬಿದ್ದವೆಂದು ತಿಳಿಯದೆ ಮತ್ತೆ ಆರ್ಕ್ ಹೊತ್ತಿಸುವುದರಲ್ಲಿ ಅರ್ಥವಿರಲಿಲ್ಲ.

ಕೈಗೆ ಬಂದಾಗಿನ ಸ್ಥಿತಿ

ಮೂಲ ತಗಡಿನ ದಪ್ಪ 0.8 ಮಿ.ಮೀ., ತೇಪೆಯದು 1 ಮಿ.ಮೀ.; ಎರಡೂ ಮೃದು ಉಕ್ಕು. ತೇಪೆಯ ಮೇಲಂಚು ಮತ್ತು ಎರಡು ಪಕ್ಕದಂಚುಗಳು ಮೂಲ ತಗಡಿನೊಂದಿಗೆ ಅಂಚಿಗೆ ಅಂಚು ಕೂಡುವ ಬಟ್ ಜಾಯಿಂಟ್ ಆಗಿದ್ದವು. ಕೆಳಗಿನ ಮಡಿಕೆಯನ್ನು ಒಳತಗಡಿನ ಮೇಲೆ ಹೊದಿಸಿ, ಕೊನೆಯಲ್ಲಿ ಪ್ಲಗ್ ವೆಲ್ಡ್ (ಮೇಲಿನ ತಗಡಿನ ತೂತಿನ ಮೂಲಕ ಕೆಳಗಿನ ತಗಡಿಗೆ ಬೆಸೆಯುವುದು) ಮಾಡುವುದೆಂದು ಹಾಗೆಯೇ ಬಿಡಲಾಗಿತ್ತು. ಕತ್ತರಿಸಿದ ಗೆರೆ ಓರೆಯಾದದ್ದರಿಂದ ಮೇಲಂಚಿನ ಸಂದು ಎಡತುದಿಯಲ್ಲಿ ಅರ್ಧ ಮಿ.ಮೀ. ಇದ್ದು, ಬಲಕ್ಕೆ ಸಾಗುತ್ತ ಅಗಲವಾಗಿ, ಬಲತುದಿಯಲ್ಲಿ 3 ಮಿ.ಮೀ. ಮುಟ್ಟಿತ್ತು.

ಬೆಸುಗೆ ಮಾಡಿದವರು ಕೈಪಳಗಿದವರೇ. ಆದರೆ ಅವರ ಕೈ ಪಳಗಿದ್ದು 5–6 ಮಿ.ಮೀ. ದಪ್ಪದ ಚೌಕಟ್ಟುಗಳ ಮೇಲೆ. ಯಂತ್ರದಲ್ಲಿ ಆ ಕೆಲಸಕ್ಕೆ ಹಾಕಿದ್ದ 0.8 ಮಿ.ಮೀ. ವೈರನ್ನೂ ಶುದ್ಧ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನೂ ಇಲ್ಲಿಯೂ ಬಳಸಿ, ಎಡತುದಿಯಿಂದ ಎಡೆಬಿಡದ ಸಾಲನ್ನು ಎಳೆದಿದ್ದರು. ಮೊದಲ 60 ಮಿ.ಮೀ. ಹೊರನೋಟಕ್ಕೆ ಚೆನ್ನಾಗಿತ್ತು. ಹಿಂಬದಿಯಿಂದ ನೋಡಿದರೆ ಕರಗಿದ ಲೋಹ ಜೋತುಬಿದ್ದಿತ್ತು, ಸುತ್ತಲಿನ ಅಂಡರ್‌ಕೋಟ್ (ತುಕ್ಕು ತಡೆಯಲು ಬಳಿದ ಲೇಪ) ಸುಟ್ಟು ಕರಿಯಾಗಿತ್ತು. ಸಂದು 1 ಮಿ.ಮೀ. ದಾಟಿದಲ್ಲಿ ಮೊದಲ ತೂತು ಬಿದ್ದಿತ್ತು; ಅಲ್ಲಿಂದ ಮುಂದೆ ವೈರಿನ ವೇಗ ಹೆಚ್ಚಿಸಿದ್ದು ಬೆಸುಗೆಯ ಗಂಟುಗಳಿಂದಲೇ ತಿಳಿಯುತ್ತಿತ್ತು. ಬಲಗಡೆ ಹಾಕಿದ್ದ ಟ್ಯಾಕ್‌ಗಳು (ತಗಡನ್ನು ಹಿಡಿದಿಡುವ ಚಿಕ್ಕ ಚುಕ್ಕೆ ಬೆಸುಗೆಗಳು) ತೇಪೆಯನ್ನು ಮಾತ್ರ ಕಚ್ಚಿಕೊಂಡು, ಮೂಲ ತಗಡಿನ ಕಡೆ ಗುಂಡಗೆ ಮುದುಡಿ ನಿಂತಿದ್ದವು. ತೇಪೆಯ ಅಂಚು ಮೇಲಿನ ತಗಡಿಗಿಂತ ಒಂದೂವರೆ ಮಿ.ಮೀ. ಒಳಗೆ ಸರಿದಿತ್ತು. ಬೆಸುಗೆಯ ಮೇಲ್ಭಾಗದಲ್ಲಿ ನೇರ ಪಟ್ಟಿ ಇಟ್ಟು ನೋಡಿದಾಗ ತಗಡು 4 ಮಿ.ಮೀ. ಆಳಕ್ಕೆ ತಗ್ಗಿತ್ತು.

ತೂತು ಬಿದ್ದದ್ದೇಕೆ

ಸಂದು ಅಗಲವಾಗಿದ್ದರೆ ತುಂಬಲು ಹೆಚ್ಚು ಲೋಹ ಬೇಕು, ಹೆಚ್ಚು ಲೋಹ ಬೇಕಾದರೆ ವೈರಿನ ವೇಗ ಹೆಚ್ಚಿಸಬೇಕು ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. 3 ಮಿ.ಮೀ. ಅಗಲದ ಸಂದಿನ 10 ಮಿ.ಮೀ. ಉದ್ದವನ್ನು 0.8 ಮಿ.ಮೀ. ದಪ್ಪಕ್ಕೆ ತುಂಬಲು ಬೇಕಾಗುವುದು 24 ಘನ ಮಿ.ಮೀ. ಲೋಹ. 0.6 ಮಿ.ಮೀ. ವೈರ್ ನಿಮಿಷಕ್ಕೆ 4 ಮೀಟರ್ ವೇಗದಲ್ಲಿ ಬರುತ್ತಿದ್ದರೆ ಸೆಕೆಂಡಿಗೆ ಸುಮಾರು 19 ಘನ ಮಿ.ಮೀ. ಲೋಹ ಸಿಗುತ್ತದೆ. ಅಂದರೆ ತೀರ ತೆಳು ವೈರು ಕೂಡ ಆ ಸಂದನ್ನು ಒಂದೂಕಾಲು ಸೆಕೆಂಡಿನಲ್ಲಿ ತುಂಬಬಲ್ಲದು. ಈ ಪ್ರಕರಣದಲ್ಲಿ ಎಲ್ಲಿಯೂ ಲೋಹದ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ಶಾಖ ಹರಿದುಹೋಗುವ ದಾರಿಗೆ. 15 ವೋಲ್ಟ್, 45 ಆಂಪಿಯರ್ ಇರುವ ಆರ್ಕ್ ಸೆಕೆಂಡಿಗೆ 675 ಜೂಲ್ ಶಕ್ತಿಯನ್ನು ವ್ಯಯಿಸುತ್ತದೆ. ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ಕೆಲಸದ ಮೇಲೆ ಇಳಿಯುತ್ತದೆಂದು ಇಟ್ಟುಕೊಂಡರೆ 540 ಜೂಲ್. ಒಂದು ಘನ ಮಿ.ಮೀ. ಉಕ್ಕನ್ನು ಸಾಮಾನ್ಯ ತಾಪದಿಂದ ಕರಗಿಸಲು ಹತ್ತಿರ ಹತ್ತಿರ 10 ಜೂಲ್ ಸಾಕು. ವೈರನ್ನು ಕರಗಿಸಲು 190 ಜೂಲ್ ಹೋದರೂ ಇನ್ನು 350 ಜೂಲ್ ತಗಡಿನ ಪಾಲಿಗೆ ಉಳಿಯುತ್ತದೆ. ಈ ಶಾಖ ಬೇರೆಲ್ಲೂ ಹರಿದುಹೋಗದಿದ್ದರೆ 0.8 ಮಿ.ಮೀ. ತಗಡಿನಲ್ಲಿ ಒಂದೇ ಸೆಕೆಂಡಿಗೆ 40 ಚದರ ಮಿ.ಮೀ.ಗೂ ಹೆಚ್ಚು ಜಾಗ ಕರಗಿಹೋಗುತ್ತದೆ. ವಾಸ್ತವದಲ್ಲಿ ಹಾಗಾಗದಿರುವುದು ಅಕ್ಕಪಕ್ಕದ ತಣ್ಣನೆಯ ಲೋಹ ಶಾಖವನ್ನು ಎಳೆದುಕೊಳ್ಳುವುದರಿಂದ. ಅಂಚುಗಳು ಒಂದಕ್ಕೊಂದು ತಾಗಿದ್ದಾಗ ಶಾಖ ಎರಡೂ ತಗಡುಗಳಿಗೆ ಹಂಚಿಹೋಗುತ್ತದೆ. ನಡುವೆ ಸಂದು ಇದ್ದಾಗ ಪ್ರತಿಯೊಂದು ಅಂಚಿಗೂ ಬೆನ್ನ ಹಿಂದೆ ಮಾತ್ರ ದಾರಿ. ಮುಂದೆ ಇರುವುದು ಗಾಳಿ. ಆರ್ಕ್ ಅಂಥ ಅಂಚಿನ ಮೇಲೆ ನಿಂತರೆ ಅಂಚು ಕರಗುತ್ತದೆ, ಕರಗಿದ ಲೋಹವನ್ನು ಅದರ ಮೇಲ್ಮೈ ಸೆಳೆತವೇ ಹಿಂದಕ್ಕೆ ಎಳೆದು ಉಂಡೆಗಟ್ಟಿಸುತ್ತದೆ, ಸಂದು ಮೊದಲಿಗಿಂತ ಅಗಲವಾಗುತ್ತದೆ. ಬಲಗಡೆಯ ಗುಂಡಗಿನ ಟ್ಯಾಕ್‌ಗಳು ಹುಟ್ಟಿದ್ದು ಹೀಗೆ.

ಇದರ ಜೊತೆಗೆ ಮಿಗ್ ವಿಧಾನಕ್ಕೇ ಸೇರಿದ ಒಂದು ಗುಣವಿದೆ. ಟಿಗ್ (ಕರಗದ ಟಂಗ್‌ಸ್ಟನ್ ತುದಿಯಿಂದ ಆರ್ಕ್ ಹೊತ್ತಿಸುವ ವಿಧಾನ) ಅಥವಾ ಗ್ಯಾಸ್ ಬೆಸುಗೆಯಲ್ಲಿ ಶಾಖವನ್ನು ಒಂದು ಕೈ, ಸೇರಿಸುವ ಲೋಹವನ್ನು ಇನ್ನೊಂದು ಕೈ ನಿಯಂತ್ರಿಸುತ್ತದೆ. ಸಂದು ಕಂಡರೆ ಶಾಖ ತಗ್ಗಿಸಿ ಕಡ್ಡಿಯನ್ನು ಹೆಚ್ಚು ಕೊಡಬಹುದು. ಮಿಗ್‌ನಲ್ಲಿ ಶಾಖ, ಲೋಹ ಎರಡೂ ಒಂದೇ ವೈರಿನಲ್ಲಿ ಬರುತ್ತವೆ. ಯಂತ್ರ ವೋಲ್ಟೇಜನ್ನು ಸ್ಥಿರವಾಗಿ ಹಿಡಿಯುತ್ತದೆ, ವೈರಿನ ವೇಗ ಹೆಚ್ಚಿದಂತೆ ಅದನ್ನು ಕರಗಿಸಲು ಬೇಕಾದ ಕರೆಂಟ್ ತಾನಾಗಿಯೇ ಏರುತ್ತದೆ. ಹಾಗಾಗಿ ತೂತನ್ನು ತುಂಬಲೆಂದು ವೇಗ ಹೆಚ್ಚಿಸಿದವರು ತಮಗೆ ತಿಳಿಯದೆಯೇ ಶಾಖವನ್ನೂ ಹೆಚ್ಚಿಸಿರುತ್ತಾರೆ. ತೆಳು ತಗಡಿನ ಕೆಲಸ ಕಲಿಯುವವರಿಗೆ ನಾನು ಮೊದಲು ಹೇಳಿಕೊಡಬಯಸುವುದು ಇದನ್ನೇ, ಟಾರ್ಚ್ (ವೈರು ಹೊರಬರುವ ಹಿಡಿಕೆ) ಹಿಡಿಯುವ ಕೋನ ಆಮೇಲಿನ ಮಾತು.

0.8 ಮಿ.ಮೀ. ವೈರು ಮತ್ತು ಶುದ್ಧ ಕಾರ್ಬನ್ ಡೈಆಕ್ಸೈಡ್ ಪರಿಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸಿದವು. ತೆಳು ತಗಡಿಗೆ ಒಗ್ಗುವುದು ಶಾರ್ಟ್ ಸರ್ಕ್ಯೂಟ್ ವಿಧಾನ: ವೈರಿನ ತುದಿ ಕರಗಿದ ಲೋಹವನ್ನು ಮುಟ್ಟಿ, ಒಂದು ಹನಿಯನ್ನು ಬಿಟ್ಟು, ಮತ್ತೆ ಆರ್ಕ್ ಹೊತ್ತಿಕೊಳ್ಳುತ್ತದೆ, ಇದು ಸೆಕೆಂಡಿಗೆ 20ರಿಂದ 200 ಬಾರಿ ನಡೆಯುತ್ತದೆ. ವೈರು ತೆಳುವಾದಷ್ಟೂ ಕಡಿಮೆ ಕರೆಂಟಿನಲ್ಲಿ ಈ ಲಯ ಸ್ಥಿರವಾಗಿರುತ್ತದೆ. 0.8 ಮಿ.ಮೀ. ವೈರಿನ ಅಡ್ಡಕೊಯ್ತದ ವಿಸ್ತೀರ್ಣ 0.6ರದ್ದಕ್ಕಿಂತ ಸುಮಾರು 1.8 ಪಟ್ಟು, ಅದನ್ನು 40 ಆಂಪಿಯರ್ ಸುತ್ತಮುತ್ತ ಓಡಿಸಿದರೆ ಆರ್ಕ್ ತಡವರಿಸುತ್ತದೆ, ತಡವರಿಸದಂತೆ ಏರಿಸಿದರೆ ತಗಡು ತಾಳುವುದಿಲ್ಲ. ಶುದ್ಧ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಹನಿಗಳು ಒರಟು, ಸಿಡಿತ ಹೆಚ್ಚು, ಲೋಹದೊಳಗೆ ಇಳಿಯುವ ಆಳವೂ ಹೆಚ್ಚು. ದಪ್ಪ ಚೌಕಟ್ಟಿಗೆ ಆ ಆಳ ವರ. ಇಲ್ಲಿ ಇಳಿಯಲು ಲೋಹವೇ ಇರಲಿಲ್ಲ.

ಇಷ್ಟು ವಿವರಣೆಯ ನಂತರವೂ ಬಲತುದಿಯ ಹಾನಿ ಅತಿಯೆನಿಸಿತು. ಹಿಂಬದಿಯ ಅಂಡರ್‌ಕೋಟ್ ಕೆರೆದು, ಅಂಚನ್ನು ಬೆಳ್ಳಗೆ ಉಜ್ಜಿ ಮೈಕ್ರೋಮೀಟರ್ ಹಿಡಿದಾಗ ಕಾರಣ ಸಿಕ್ಕಿತು. ಬಲಗಡೆಯ 90 ಮಿ.ಮೀ. ಉದ್ದಕ್ಕೂ ಮೂಲ ತಗಡು ಒಳಗಿನಿಂದ ತುಕ್ಕು ತಿಂದು 0.5 ಮಿ.ಮೀ.ಗೆ ಇಳಿದಿತ್ತು, ಅಲ್ಲಲ್ಲಿ ಗುಳಿಗಳೂ ಇದ್ದವು. 1 ಮಿ.ಮೀ. ತೇಪೆ ಒಂದು ಕಡೆ, ಅದರ ಅರ್ಧದಷ್ಟು ಅಂಚು ಇನ್ನೊಂದು ಕಡೆ, ನಡುವೆ 3 ಮಿ.ಮೀ. ಸಂದು: ಇಂಥ ಜೋಡಣೆಯನ್ನು ಮಿಗ್‌ನಿಂದ ಸೇರಿಸಬಲ್ಲ ಕೈ ಇರಬಹುದೇನೋ, ಆದರೆ ಹಾಗೆ ಸೇರಿಸಿದ ಬೆಸುಗೆಯ ಪಕ್ಕದಲ್ಲೇ ಸವೆದ ತಗಡು ಉಳಿದಿರುತ್ತದೆ. ತುಕ್ಕಿನ ಜಾಗವನ್ನು ಕತ್ತರಿಸುವಾಗ ಹೊರಗೆ ಕಾಣುವ ತೂತಿನ ಅಂಚಿಗೆ ನಿಲ್ಲದೆ, ತಗಡು ಪೂರ್ಣ ದಪ್ಪಕ್ಕೆ ಬರುವವರೆಗೆ ಹೋಗಬೇಕಿತ್ತು.

ಆಯ್ಕೆ

ಇಡೀ ತೇಪೆಯನ್ನು ಕಿತ್ತು ಹೊಸದಾಗಿ ಕತ್ತರಿಸುವುದು ಅತ್ಯಂತ ಶುದ್ಧವಾದ ದಾರಿ. ಆದರೆ ತೇಪೆಯ ಕೆಳಮಡಿಕೆ ಮತ್ತು ಬಾಗು ಚೆನ್ನಾಗಿ ಕೂತಿದ್ದವು, ಪಕ್ಕದಂಚುಗಳೂ ಸರಿಯಿದ್ದವು. ಅದನ್ನು ಉಳಿಸಿಕೊಳ್ಳುವುದೆಂದು ನಿರ್ಧರಿಸಿದೆ. ಸಿಲಿಕಾನ್ ಕಂಚಿನ ವೈರು ಬಳಸಿ ಮಿಗ್ ಬ್ರೇಜಿಂಗ್ ಮಾಡುವ ಸಲಹೆಯೂ ಬಂದಿತ್ತು. ಆ ಮಿಶ್ರಲೋಹ 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಉಕ್ಕು ಕರಗಲು 1,500 ಡಿಗ್ರಿ ಬೇಕು. ಹಾಗಾಗಿ ಅಂಚು ಕರಗದೆಯೇ ಸಂದು ತುಂಬುತ್ತದೆ, ಸಂದನ್ನು ದಾಟುವ ಅದರ ಶಕ್ತಿ ಉಕ್ಕಿನ ವೈರಿಗಿಂತ ಹೆಚ್ಚು. ಆದರೆ ಅದಕ್ಕೆ ಶುದ್ಧ ಆರ್ಗಾನ್ ಬೇಕು, ಅಂಚು ನಿಷ್ಕಳಂಕವಾಗಿರಬೇಕು. ಈಗಾಗಲೇ ಉಕ್ಕಿನ ಬೆಸುಗೆ ಸುಟ್ಟು ಕೂತಿದ್ದ ಅಂಚಿನ ಮೇಲೆ ಅದು ಒಳ್ಳೆಯ ಆಯ್ಕೆಯಲ್ಲ.

ಹಳೆಯ ಬೆಸುಗೆಯನ್ನು 1 ಮಿ.ಮೀ. ಕತ್ತರಿಸುವ ಡಿಸ್ಕಿನಿಂದ ಸೀಳಿ ತೇಪೆಯನ್ನು ಬಿಡಿಸಿದ ಮೇಲೆ, ಕೆಳಮಡಿಕೆ ಇನ್ನೂ ಸಡಿಲವಾಗಿದ್ದದ್ದರಿಂದ ತೇಪೆಯ ಬಲಭಾಗವನ್ನು ಮೇಲಕ್ಕೆತ್ತಿ ತಿರುಗಿಸಲು ಸಾಧ್ಯವಾಯಿತು. ಎಡ ಅರ್ಧದ ಸಂದು 1 ಮಿ.ಮೀ. ಒಳಗೆ ಬಂತು. ನಡುವಿನ 60 ಮಿ.ಮೀ.ನಲ್ಲಿ, ಹಿಂದೆ ತೂತು ಬಿದ್ದು ಅಂಚು ಕರಗಿದ್ದ ಜಾಗದಲ್ಲಿ, 2 ಮಿ.ಮೀ. ಉಳಿಯಿತು. ಬಲಗಡೆಯ ಸವೆದ 90 ಮಿ.ಮೀ.ಯನ್ನು ಪೂರ್ಣ ದಪ್ಪದ ತಗಡು ಸಿಗುವವರೆಗೆ, 25 ಮಿ.ಮೀ. ಎತ್ತರಕ್ಕೆ ಕತ್ತರಿಸಿ ತೆಗೆದು, ಅದೇ ಅಳತೆಯ 0.8 ಮಿ.ಮೀ. ತುಂಡನ್ನು ಉಜ್ಜಿ ಉಜ್ಜಿ ಕೂರಿಸಲಾಯಿತು. ಅದರ ಮೇಲಿನ ಎರಡು ಮೂಲೆಗಳನ್ನು ಗುಂಡಗೆ ಮಾಡಲಾಯಿತು, ಏಕೆಂದರೆ ಚೂಪು ಮೂಲೆಯಲ್ಲಿ ಶಾಖ ಸೇರಿಕೊಂಡು ಮೊದಲು ತೂತು ಬೀಳುವುದು ಅಲ್ಲೇ. ಇಂಥ ತುಂಡು ಇಟ್ಟರೆ ಒಂದರ ಜಾಗದಲ್ಲಿ ಎರಡು ಸಾಲು ಬೆಸುಗೆ ಬರುತ್ತದೆ, ತಗಡು ಹೆಚ್ಚು ಸೊಟ್ಟಗಾಗುವುದಿಲ್ಲವೇ ಎಂದು ಕೇಳಬಹುದು. ಬಿಗಿಯಾಗಿ ಕೂತ ಎರಡು ಸಾಲುಗಳಿಗೆ ಬೇಕಾಗುವ ಶಾಖ, ಅಗಲ ಸಂದಿನ ಒಂದು ಸಾಲನ್ನು ಮತ್ತೆ ಮತ್ತೆ ತುಂಬುವ ಶಾಖಕ್ಕಿಂತ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂದು ತಗಡಿನ ದಪ್ಪದಷ್ಟಿದ್ದರೆ ಬೆಸೆಯಬಹುದು, ಅದರ ಎರಡರಷ್ಟಿದ್ದರೆ ಎಚ್ಚರದಿಂದ ಕಟ್ಟಬಹುದು, ಅದಕ್ಕೂ ಮೀರಿದರೆ ಕತ್ತರಿ ಹಿಡಿಯಬೇಕು.

ಬೆಸುಗೆ

ಬ್ಯಾಟರಿಯ ಸಂಪರ್ಕ ತೆಗೆದು, ಒಳಬದಿಯ ಹೊದಿಕೆ ಮತ್ತು ವೈರಿಂಗನ್ನು ದೂರ ಸರಿಸಿ, ಇಂಧನದ ಕೊಳವೆ ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡ ನಂತರ ಅಂಚುಗಳ ಎರಡೂ ಬದಿಯನ್ನು 15 ಮಿ.ಮೀ. ಅಗಲಕ್ಕೆ ಉಜ್ಜಿ ಬರಿ ಲೋಹ ಮಾಡಲಾಯಿತು. ಸತುವಿನ ಲೇಪವಿರುವ ತಗಡಿನಲ್ಲಿ ಇದು ಇನ್ನೂ ಮುಖ್ಯ: ಸತು 907 ಡಿಗ್ರಿಗೇ ಕುದಿದು ಆವಿಯಾಗುವುದರಿಂದ ಬೆಸುಗೆಯಲ್ಲಿ ರಂಧ್ರ ಬೀಳುತ್ತದೆ, ಅದರ ಹೊಗೆ ಜ್ವರ ತರುತ್ತದೆ. ಅರ್ತ್ ಕ್ಲ್ಯಾಂಪನ್ನು (ಕರೆಂಟ್ ಯಂತ್ರಕ್ಕೆ ಮರಳುವ ಇಕ್ಕಳ) ಬೆಸುಗೆಯ ಪಕ್ಕದಲ್ಲೇ ಬರಿ ಲೋಹಕ್ಕೆ ಕಚ್ಚಿಸಲಾಯಿತು.

ಯಂತ್ರಕ್ಕೆ ಮೃದು ಉಕ್ಕಿಗೆ ಬಳಸುವ ಇಆರ್70ಎಸ್-6 ಜಾತಿಯ 0.6 ಮಿ.ಮೀ. ವೈರು, ಅದಕ್ಕೆ ತಕ್ಕ ಕಾಂಟ್ಯಾಕ್ಟ್ ಟಿಪ್ (ವೈರಿಗೆ ಕರೆಂಟ್ ಕೊಡುವ ಟಾರ್ಚಿನ ತುದಿ). ಗ್ಯಾಸ್ 80 ಪಾಲು ಆರ್ಗಾನ್, 20 ಪಾಲು ಕಾರ್ಬನ್ ಡೈಆಕ್ಸೈಡ್, ಹರಿವು ನಿಮಿಷಕ್ಕೆ 10 ಲೀಟರ್. ಡಯಲ್‌ನ ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ ಅವನ್ನು ಇಲ್ಲಿ ಕೊಡುವುದಿಲ್ಲ. ಪರೀಕ್ಷೆಗೆ ಅದೇ ತಗಡಿನ ತುಂಡುಗಳನ್ನು, ಕೆಲಸದಲ್ಲಿ ಇರುವಷ್ಟೇ ಸಂದು ಬಿಟ್ಟು ಜೋಡಿಸಿ ಹೊಂದಿಸಬೇಕು. ಬಹಳ ಮಂದಿ ಒಂದು ಇಡೀ ತುಂಡಿನ ಮೇಲೆ ಸಾಲು ಎಳೆದು ಸರಿಯಿದೆ ಎಂದುಕೊಳ್ಳುತ್ತಾರೆ. ಆ ಹೊಂದಿಕೆ ಸಂದಿನ ಮುಂದೆ ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಮೊದಲು ಟ್ಯಾಕ್‌ಗಳು. ಎರಡು ತುದಿ, ನಡುಭಾಗ, ಮತ್ತೆ ಅವುಗಳ ನಡುಭಾಗ ಎಂಬಂತೆ ಅಂತರವನ್ನು ಅರ್ಧರ್ಧ ಮಾಡುತ್ತ 20 ಮಿ.ಮೀ.ವರೆಗೆ ತರಲಾಯಿತು. ಪ್ರತಿ ಟ್ಯಾಕ್‌ಗೂ ಮುನ್ನ ಎರಡು ಅಂಚುಗಳು ಒಂದೇ ಮಟ್ಟದಲ್ಲಿವೆಯೇ ಎಂದು ಬೆರಳಾಡಿಸಿ ನೋಡಿ, ತಗ್ಗಿದ್ದರೆ ಸಣ್ಣ ಸ್ಕ್ರೂಡ್ರೈವರಿನಿಂದ ಎತ್ತಿ ಹಿಡಿಯಲಾಯಿತು. 300 ಮಿ.ಮೀ. ಉಕ್ಕು 100 ಡಿಗ್ರಿ ಬಿಸಿಯಾದರೆ 0.36 ಮಿ.ಮೀ. ಹಿಗ್ಗುತ್ತದೆ, ತೆಳು ತಗಡು ಆ ಹಿಗ್ಗನ್ನು ಉದ್ದದಲ್ಲಿ ತೋರಿಸಲಾಗದೆ ಉಬ್ಬಿ ತೋರಿಸುತ್ತದೆ. ಅದಕ್ಕಾಗಿ ಒಂದು ಟ್ಯಾಕ್ ಹಾಕಿದ ಜಾಗಕ್ಕೆ ಕೈ ಇಡುವಷ್ಟು ತಣಿಯುವವರೆಗೆ ಅದರ ನೆರೆಗೆ ಹೋಗಲಿಲ್ಲ.

ಎಡ ಅರ್ಧ ಮತ್ತು ಬಲಗಡೆಯ ತುಂಡು ಹೆಚ್ಚು ತೊಂದರೆ ಕೊಡಲಿಲ್ಲ. ಟ್ರಿಗರ್ ಒತ್ತಿ ಅರ್ಧದಿಂದ ಮುಕ್ಕಾಲು ಸೆಕೆಂಡ್, ಬಿಡುವುದು, ಕೆಂಪು ಆರಿದ ಮೇಲೆ ಹಿಂದಿನ ಚುಕ್ಕೆಯ ಅರ್ಧವನ್ನು ಮುಚ್ಚುವಂತೆ ಮುಂದಿನ ಚುಕ್ಕೆ. ಪ್ರತಿ ಬಾರಿ ಆರ್ಕ್ ಹೊತ್ತಿಸುವ ಮೊದಲು ವೈರಿನ ತುದಿಯ ಉಂಡೆಯನ್ನು ಕತ್ತರಿಸಿದರೆ ಆರಂಭ ಚುರುಕಾಗುತ್ತದೆ. ಇಲ್ಲವಾದರೆ ಅರ್ಧ ಸೆಕೆಂಡಿನಲ್ಲಿ ಬಹುಪಾಲು ತಡವರಿಕೆಯಲ್ಲೇ ಕಳೆಯುತ್ತದೆ.

ನಡುವಿನ 60 ಮಿ.ಮೀ. ಈ ಕೆಲಸದ ತಿರುಳು. ಹಿಂಬದಿಗೆ ತಾಮ್ರದ ಆಸರೆ ಕೊಡಲಾಯಿತು. ತಾಮ್ರ ಉಕ್ಕಿಗಿಂತ ಬೇಗ ಕರಗುವ ಲೋಹವಾದರೂ ಮೃದು ಉಕ್ಕಿನ ಏಳೆಂಟು ಪಟ್ಟು ವೇಗದಲ್ಲಿ ಶಾಖವನ್ನು ಸಾಗಿಸುವುದರಿಂದ ಬೆಸುಗೆ ಅದಕ್ಕೆ ಅಂಟುವುದಿಲ್ಲ, ಅಂಚಿಗೆ ಇಲ್ಲದಿದ್ದ ಶಾಖದ ದಾರಿಯನ್ನು ಅದೇ ಒದಗಿಸುತ್ತದೆ. ಈ ಜಾಗದ ಬಾಗಿಗೆ ಚಪ್ಪಟೆ ಪಟ್ಟಿ ಒಪ್ಪಲಿಲ್ಲ. ಚಪ್ಪಟೆಯಾಗಿ ಬಡಿದ ತಾಮ್ರದ ಕೊಳವೆ ಒಪ್ಪಿತು. ತಾಮ್ರ ತಗಡಿಗೆ ಒತ್ತಿ ಕೂರಬೇಕು. ಪರೀಕ್ಷೆಯ ತುಂಡಿನಲ್ಲಿ ಅದು ಕೂದಲೆಳೆಯಷ್ಟು ದೂರ ನಿಂತ ಕಡೆಯೆಲ್ಲ ಹಿಂದೆ ಹನಿ ಜೋತುಬಿತ್ತು. ಆರ್ಕನ್ನು ನೇರವಾಗಿ ತಾಮ್ರದ ಮೇಲೆ ಹಿಡಿಯಬಾರದು. ಕರಗಿದ ತಾಮ್ರ ಉಕ್ಕಿನ ಬೆಸುಗೆಗೆ ಸೇರಿದರೆ ಬಿರುಕಿಗೆ ಕಾರಣವಾಗುತ್ತದೆ.

ಸಂದಿನ ನಡುವಿಗೆ ಗುರಿಯಿಡಲಿಲ್ಲ. ಮೊದಲ ಚುಕ್ಕೆ 1 ಮಿ.ಮೀ. ತೇಪೆಯ ಅಂಚಿನಿಂದ ಸ್ವಲ್ಪ ಒಳಗೆ. ಅದು ಆರಿದ ಮೇಲೆ ಎರಡನೆಯದು ಮೊದಲ ಚುಕ್ಕೆಯ ಮೇಲೆಯೇ, ಆದರೆ ಸಂದಿನ ಕಡೆಗೆ ವಾಲಿ. ಚುಕ್ಕೆಯ ಜಾಗದಲ್ಲಿ ಲೋಹ ಈಗ 2 ಮಿ.ಮೀ.ಗೂ ದಪ್ಪ, ಆರ್ಕನ್ನು ತಾಳುವ ಶಕ್ತಿ ಅಲ್ಲಿದೆ, ಕರಗಿದ ಲೋಹ ಅಲ್ಲಿಂದ ಹರಿದು ಮುಂದಕ್ಕೆ ಚಾಚುತ್ತದೆ. ಹೀಗೆ ತೇಪೆಯ ಅಂಚು ಸಂದಿನ ಅರ್ಧದವರೆಗೆ ಬೆಳೆದ ಮೇಲೆ ಮೂಲ ತಗಡಿನ ಅಂಚಿಗೂ ಅದೇ ಉಪಚಾರ. ಕೊನೆಗೆ ಎರಡನ್ನೂ ಕೂಡಿಸುವ ಚುಕ್ಕೆ, ಅದೂ ದಪ್ಪವಾದ ತೇಪೆಯ ಕಡೆಯಿಂದ ಆರಂಭಿಸಿ. ಯಾವಾಗಲೂ ದಪ್ಪ ಲೋಹದ ಮೇಲೆ ಆರ್ಕ್ ಹೊತ್ತಿಸಿ, ತೆಳು ಅಂಚನ್ನು ಕರಗಿದ ಲೋಹ ತಾನಾಗಿ ಮುಟ್ಟುವಂತೆ ಮಾಡುವುದು ಇಡೀ ಕೌಶಲದ ತಿರುಳು. ಟಾರ್ಚನ್ನು ಬೆಸುಗೆ ಸಾಗುವ ದಿಕ್ಕಿಗೆ ತಳ್ಳುವಂತೆ ಹಿಡಿದದ್ದರಿಂದ ಲೋಹದೊಳಗೆ ಇಳಿಯುವ ಆಳ ಕಡಿಮೆಯಾಯಿತು. ವೈರಿನ ಹೊರಚಾಚನ್ನು (ಟಿಪ್‌ನಿಂದ ಹೊರಗೆ ಇರುವ ಉದ್ದವನ್ನು) 10–12 ಮಿ.ಮೀ.ಗೆ ಉದ್ದ ಮಾಡಿದಾಗ ಕರೆಂಟ್ ಇನ್ನೂ ಸ್ವಲ್ಪ ತಗ್ಗಿತು.

ಆದರೂ ಒಂದು ಕಡೆ ತೂತು ಬಿತ್ತು; ಮೂಲ ತಗಡಿನ ಅಂಚಿನಲ್ಲಿ ಹಿಂದಿನ ಯತ್ನದ ಸುಟ್ಟ ಪದರ ಪೂರ್ತಿ ಹೋಗಿರಲಿಲ್ಲ. ಅಲ್ಲಿ ಟ್ರಿಗರ್ ತಕ್ಷಣ ಬಿಟ್ಟು, ಪೂರ್ತಿ ತಣಿಯಲು ಬಿಟ್ಟು, ಅಂಚನ್ನು ಪುನಃ ಉಜ್ಜಿ, ತೂತಿನ ಸುತ್ತ ದಪ್ಪ ಬದಿಯಿಂದ ಚುಕ್ಕೆಗಳ ಉಂಗುರ ಕಟ್ಟುತ್ತ ಒಳಕ್ಕೆ ಬರಲಾಯಿತು. ತೂತು ಬಿದ್ದ ಕ್ಷಣದಲ್ಲಿ ಅದನ್ನು ಬೆನ್ನಟ್ಟುವ ಕೈಯೇ ದೊಡ್ಡ ತೂತುಗಳನ್ನು ಮಾಡುವುದು.

ಪರಿಶೀಲನೆ ಮತ್ತು ಮುಕ್ತಾಯದ ಕೆಲಸ

ಬೆಸುಗೆಯ ಉಬ್ಬನ್ನು ಫ್ಲಾಪ್ ಡಿಸ್ಕಿನಿಂದ ತೆಗೆಯುವಾಗಲೂ ಬಿಡುವು ಕೊಡುತ್ತಲೇ ಸಾಗಬೇಕಾಯಿತು. ಉಜ್ಜುವ ಶಾಖವೂ ತಗಡನ್ನು ತಿರುಚಬಲ್ಲದು, ಮತ್ತು ಬೆಸುಗೆಯ ಲೋಹ ಪಕ್ಕದ ತಗಡಿಗಿಂತ ಗಟ್ಟಿಯಾದ್ದರಿಂದ ಡಿಸ್ಕ್ ಅರಿವಿಲ್ಲದೆ ತಗಡಿನ ಮೇಲೆ ಜಾರಿ ಅದನ್ನೇ ತೆಳುವಾಗಿಸುತ್ತದೆ. ಕೂದಲೆಳೆಯಷ್ಟು ಉಬ್ಬು ಉಳಿಸಿ ನಿಲ್ಲಿಸಲಾಯಿತು. ಹಿಂಬದಿಯಲ್ಲಿ ದೀಪ ಇಟ್ಟು ಕತ್ತಲಲ್ಲಿ ನೋಡಿದಾಗ ನಡುವಿನ ಭಾಗದಲ್ಲಿ ಸೂಜಿಮೊನೆಯಷ್ಟು ಎರಡು ಬೆಳಕಿನ ಚುಕ್ಕೆಗಳು ಕಂಡವು. ಇವುಗಳನ್ನು ಪುಟ್ಟಿ ಮುಚ್ಚಿಬಿಡುತ್ತದೆ, ಆದರೆ ನೀರು ಆ ದಾರಿಯಲ್ಲಿ ಬಂದು ಪುಟ್ಟಿಯ ಕೆಳಗೆ ನಿಲ್ಲುತ್ತದೆ. ಆದ್ದರಿಂದ ಎರಡನ್ನೂ ಒಂದೊಂದು ಚುಕ್ಕೆಯಿಂದ ಮುಚ್ಚಿ ಮತ್ತೆ ಉಜ್ಜಲಾಯಿತು.

ಬೆಸುಗೆ ತಣಿದು ಕುಗ್ಗುವಾಗ ತಗಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಂದೆ ಡಾಲಿ (ಆಸರೆಯ ಉಕ್ಕಿನ ಗಟ್ಟಿ) ಹಿಡಿದು, ಸಾಲಿನ ಮೇಲೆಯೇ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಆ ಲೋಹವನ್ನು ಹಿಗ್ಗಿಸಿದಾಗ 4 ಮಿ.ಮೀ. ತಗ್ಗು ಸುಮಾರು 1 ಮಿ.ಮೀ.ಗೆ ಇಳಿಯಿತು. ನಡುವಿನ ಭಾಗದಲ್ಲಿ ಬೆಸುಗೆ ಅಗಲವಾಗಿದ್ದರಿಂದ ಅದು ಸುತ್ತಿಗೆಗೆ ಸುಲಭವಾಗಿ ಮಣಿಯಲಿಲ್ಲ. ಉಳಿದ ತಗ್ಗು ಬಹುಪಾಲು ಅಲ್ಲಿಯದೇ. ಬಿಗಿಯಾಗಿ ಕೂರಿಸಿದ ಬಲಗಡೆಯ ತುಂಡಿನ ಸುತ್ತ, ಎರಡು ಸಾಲು ಬೆಸುಗೆ ಇದ್ದರೂ, ತಗಡು ಹೆಚ್ಚು ಸಮವಾಗಿ ಉಳಿಯಿತು.

ಈ ವಿಧಾನ ಹೊರಮೈ ತಗಡಿಗೆ ಸಲ್ಲುತ್ತದೆ. ಚಾವಣಿ ಹೊರುವ ಕಂಬ, ಬಾಗಿಲ ಕೆಳಗಿನ ಹೊಸ್ತಿಲಿನ ಒಳಪದರ ಮುಂತಾದ ಭಾರ ಹೊರುವ ಭಾಗಗಳು ಈಗಿನ ಕಾರುಗಳಲ್ಲಿ ಹೆಚ್ಚು ಬಲದ ಉಕ್ಕಿನಿಂದ ಆಗಿರುತ್ತವೆ, ಬೆಸುಗೆಯ ಶಾಖಕ್ಕೆ ಅವುಗಳ ಬಲ ಕುಗ್ಗಬಹುದು. ಅಲ್ಲಿ ತಯಾರಕರು ಹೇಳಿದ ಜಾಗದಲ್ಲಿ, ಹೇಳಿದ ವಿಧಾನದಲ್ಲಿ ಮಾತ್ರ ಬೆಸೆಯಬೇಕು.

ಕೆಳಮಡಿಕೆಯ ಪ್ಲಗ್ ವೆಲ್ಡ್‌ಗಳನ್ನು ಕೊನೆಯಲ್ಲಿ ಹಾಕಿ, ಹೊರಗೆ ಎಪಾಕ್ಸಿ ಪ್ರೈಮರ್ ಬಳಿದು, ಒಳಗಿನ ಸಾಲಿಗೆ ನೀರು ನುಗ್ಗದಂತೆ ಮುಚ್ಚುವ ಸೀಮ್ ಸೀಲರ್ ತುಂಬಿ, ಬಣ್ಣದ ಕೆಲಸ ಮುಗಿದ ಮೇಲೆ ಪೊಳ್ಳಿನೊಳಕ್ಕೆ ಮೇಣದ ಲೇಪವನ್ನು ಸಿಂಪಡಿಸಲಾಯಿತು. ಕಟ್ಟಿಕೊಂಡಿದ್ದ ರಂಧ್ರವನ್ನು ತೆರೆದು, ಒಳಗೆ ನೀರು ಸುರಿದು, ಅದು ತಡೆಯಿಲ್ಲದೆ ಇಳಿಯುತ್ತದೆಂದು ನೋಡಿದ ಮೇಲೆ ಒಳಹೊದಿಕೆಯನ್ನು ಮರಳಿ ಜೋಡಿಸಲಾಯಿತು.